ಕಂಪ್ಯೂಟರ್‌ನಲ್ಲಿ ಸಂಗೀತವನ್ನು ಚೆನ್ನಾಗಿ ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿ ಪ್ಲೇಯರ್‌ನಲ್ಲಿ ಬರುವಷ್ಟು ಒಳ್ಳೆಯ ಧ್ವನಿ ಕಂಪ್ಯೂಟರ್‌ನಿಂದ ಬರುವುದಿಲ್ಲ ಎನ್ನುತ್ತಾರೆ. ಇದು ನಿಜವೇ?

ನಿಜವಾಗಿರಬೇಕಾದ ಕಾರಣವೇನೂ ಇಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಇರುವುದು ಬರಿಯ ಅಂಕಿಗಳು. ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ. ಅದೇ ಅಂಕಿಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿದರೆ ಅವು ಸವೆಯುವುದೂ ಇಲ್ಲ, ಮಾಸುವುದೂ ಇಲ್ಲ. ಆದರೆ ಸಿಡಿ ಪ್ಲೇಯರ್‌ಗೆ ಇರುವುದು ಒಂದೇ ಕೆಲಸ, ಕಂಪ್ಯೂಟರ್‌ಗೆ ನೂರೆಂಟು. ಹಾಗಾಗಿ ಕಡತದಿಂದ ಕಿವಿಯವರೆಗಿನ ದಾರಿಯಲ್ಲಿ ಎರಡು ಕಡೆ ತೊಂದರೆಯಾಗಬಹುದು. ಆಪರೇಟಿಂಗ್ ಸಿಸ್ಟಮ್ ನಮಗೆ ಹೇಳದೆಯೇ ಆ ಅಂಕಿಗಳನ್ನು ಬದಲಾಯಿಸುವುದು ಒಂದು. ಪೆಟ್ಟಿಗೆಯೊಳಗಿನ ವಿದ್ಯುತ್ ಗದ್ದಲ ಧ್ವನಿಯೊಳಗೆ ನುಸುಳುವುದು ಇನ್ನೊಂದು. ಎರಡನ್ನೂ ಸರಿಪಡಿಸಬಹುದು, ಅದೂ ಬಹುಪಾಲು ಖರ್ಚಿಲ್ಲದೆ.

ಸುಧಾರಣೆಯನ್ನು ಎಲ್ಲಿಂದ ಆರಂಭಿಸಬೇಕು?

ಧ್ವನಿ ಹೊರಬರುವ ತುದಿಯಿಂದ, ಎಂದರೆ ಸ್ಪೀಕರ್ ಅಥವಾ ಹೆಡ್‌ಫೋನಿನಿಂದ. ಅನೇಕರು ಇನ್ನೊಂದು ತುದಿಯಿಂದ ಆರಂಭಿಸಿ, ಕೇಬಲ್ಲು ಮತ್ತು ಪ್ಲೇಯರ್ ತಂತ್ರಾಂಶಗಳ ಚರ್ಚೆಯಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಸಾಧಾರಣ ದರ್ಜೆಯ ಡ್ಯಾಕ್, ಅಂದರೆ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನ, ಇಂದು ಶೇಕಡಾ 0.01ಕ್ಕಿಂತ ಕಡಿಮೆ ವಿಕೃತಿಯಲ್ಲಿ ಕೆಲಸ ಮಾಡುತ್ತದೆ. ಒಳ್ಳೆಯ ಸ್ಪೀಕರ್ ಕೂಡ ತಗ್ಗಿನ ಸ್ವರಗಳಲ್ಲಿ ಶೇಕಡಾ 1ರಷ್ಟು ವಿಕೃತಿಯನ್ನು ಸಲೀಸಾಗಿ ದಾಟುತ್ತದೆ. ಅದೇ ಸ್ಪೀಕರನ್ನು ಕೋಣೆಯಲ್ಲಿಟ್ಟು ಅಳೆದರೆ, ಕೆಲವು ಆವರ್ತನಗಳು 10 ಡೆಸಿಬಲ್‌ನಷ್ಟು ಮೇಲೆದ್ದಿರುತ್ತವೆ, ಕೆಲವು ಅಷ್ಟೇ ಕುಸಿದಿರುತ್ತವೆ. ಇಷ್ಟು ದೊಡ್ಡ ಅಂತರ ಇರುವಲ್ಲಿ ಕೈಹಾಕದೆ, ಅಳತೆಯ ಯಂತ್ರಕ್ಕೂ ಕಷ್ಟದಲ್ಲಿ ಕಾಣುವ ವ್ಯತ್ಯಾಸದ ಬೆನ್ನು ಹತ್ತುವುದು ವ್ಯರ್ಥ ಶ್ರಮ.

ಎಂಪಿ3 ಸಾಕೇ, ಫ್ಲ್ಯಾಕ್ ಬೇಕೇ?

ಕೇಳುವ ಪ್ರಶ್ನೆ ಬೇರೆ, ಕೂಡಿಡುವ ಪ್ರಶ್ನೆ ಬೇರೆ, ಉತ್ತರಗಳೂ ಬೇರೆ.

ಸಿಡಿಯ ಸಂಗೀತ ಸೆಕೆಂಡಿಗೆ 1,411 ಕಿಲೋಬಿಟ್‌ಗಳ ವೇಗದಲ್ಲಿ ಹರಿಯುತ್ತದೆ. ಎಂಪಿ3 ಇದನ್ನು 128ರಿಂದ 320 ಕಿಲೋಬಿಟ್‌ಗೆ ಇಳಿಸುತ್ತದೆ. ದೊಡ್ಡ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ ಎಂಬ ಗುಣವನ್ನು ಬಳಸಿಕೊಂಡು, ಕೇಳಿಸದ ಭಾಗವನ್ನು ಅದು ಬಿಸಾಡುತ್ತದೆ. ಬಿಸಾಡಿದ್ದು ಮರಳಿ ಬರುವುದಿಲ್ಲ. 2001ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಬಂದ ಫ್ಲ್ಯಾಕ್ ಏನನ್ನೂ ಬಿಸಾಡುವುದಿಲ್ಲ. ಹಿಂದಿನ ಅಂಕಿಗಳನ್ನು ನೋಡಿ ಮುಂದಿನ ಅಂಕಿ ಎಷ್ಟಿರಬಹುದೆಂದು ಅದು ಅಂದಾಜು ಮಾಡಿ, ಅಂದಾಜು ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ಕಡತದ ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತೆರೆದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮೂಲವೇ ದೊರೆಯುತ್ತದೆ.

ಕೇಳುವ ಮಟ್ಟಿಗೆ ಹೇಳುವುದಾದರೆ, ಒಳ್ಳೆಯ ಎನ್‌ಕೋಡರ್‌ನಿಂದ, ಅಂದರೆ ಧ್ವನಿಯನ್ನು ಇಂಥ ರೂಪಕ್ಕೆ ಇಳಿಸುವ ತಂತ್ರಾಂಶದಿಂದ, ಮಾಡಿದ 320 ಕಿಲೋಬಿಟ್ ಎಂಪಿ3 ಅಥವಾ ಅದರಂಥದೇ ಇನ್ನೊಂದು ರೂಪವಾದ ಎಎಸಿಯ 256 ಕಿಲೋಬಿಟ್ ಕಡತವನ್ನು ಮೂಲದಿಂದ ಬೇರ್ಪಡಿಸಿ ಗುರುತಿಸುವುದು ಬಹಳ ಕಷ್ಟ. 128 ಕಿಲೋಬಿಟ್ ಎಂಪಿ3ಯನ್ನು ಗುರುತಿಸಬಹುದು. ಸಭಿಕರ ಚಪ್ಪಾಳೆಯಿರುವ ಧ್ವನಿಮುದ್ರಣವೊಂದನ್ನು ಹಾಕಿ ನೋಡಿ. ಒಂದೊಂದು ಅಂಗೈಯ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕಾದಲ್ಲಿ ನೀರು ಸುರಿದಂಥ ಜೊಳಜೊಳ ಸದ್ದು ಕೇಳುತ್ತದೆ. ಕೂಡಿಡುವುದಕ್ಕೆ ಮಾತ್ರ ಫ್ಲ್ಯಾಕ್‌ನಂಥ ನಷ್ಟರಹಿತ ರೂಪವೇ ಸರಿ. ಮುಂದೆ ಯಾವ ಹೊಸ ರೂಪ ಬಂದರೂ ಅದರಿಂದ ಶುದ್ಧವಾಗಿ ಪರಿವರ್ತಿಸಬಹುದು. ನಷ್ಟವಿರುವ ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಿದರೆ ಪ್ರತಿ ಸಲವೂ ಇನ್ನಷ್ಟು ಕಳೆದುಹೋಗುತ್ತದೆ.

ನನ್ನಲ್ಲಿರುವ ಎಂಪಿ3ಗಳನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಇಲ್ಲ. ಕಡತ ದಪ್ಪವಾಗುತ್ತದೆ, ಅಷ್ಟೇ.

ಹಾಗಾದರೆ ಫ್ಲ್ಯಾಕ್ ಎಂದು ಕೊಟ್ಟದ್ದು ನಿಜವಾಗಿ ಫ್ಲ್ಯಾಕ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಕಡತದ ಹೆಸರಿನಿಂದ ತಿಳಿಯುವುದಿಲ್ಲ. ಆಡಾಸಿಟಿ ಅಥವಾ ಸ್ಪೆಕ್‌ನಂಥ ಉಚಿತ ತಂತ್ರಾಂಶದಲ್ಲಿ ಅದರ ಸ್ಪೆಕ್ಟ್ರೋಗ್ರಾಮ್ ತೆರೆದು ನೋಡಬೇಕು. ಅಡ್ಡಕ್ಕೆ ಸಮಯ, ಉದ್ದಕ್ಕೆ ಆವರ್ತನ ಇರುವ ಬಣ್ಣದ ಚಿತ್ರವದು. ನಾನು ಹಣ ಕೊಟ್ಟು ಇಳಿಸಿಕೊಂಡಿದ್ದ ಒಂದು ಆಲ್ಬಮ್‌ನಲ್ಲಿ ತಾಳವಾದ್ಯಗಳು ಯಾಕೋ ಮಂಕಾಗಿವೆ ಅನಿಸಿ ಹೀಗೆ ತೆರೆದು ನೋಡಿದೆ. ಹಾಡಿನ ಉದ್ದಕ್ಕೂ 16 ಕಿಲೋಹರ್ಟ್ಸ್‌ನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಚಿತ್ರ ನಿಂತುಹೋಗಿತ್ತು, ಅದರ ಮೇಲೆ ಬರಿಯ ಕಪ್ಪು. 128 ಕಿಲೋಬಿಟ್ ಎಂಪಿ3ಯ ಗುರುತು ಅದು. ಯಾರೋ ಅದನ್ನು ಫ್ಲ್ಯಾಕ್ ಅಂಗಿ ತೊಡಿಸಿ ಮಾರಿದ್ದರು. 320 ಕಿಲೋಬಿಟ್‌ನದ್ದಾದರೆ ಈ ಗೆರೆ ಸುಮಾರು 20 ಕಿಲೋಹರ್ಟ್ಸ್ ಬಳಿ ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಟೇಪಿನ ಧ್ವನಿಮುದ್ರಣಗಳಲ್ಲಿ ಮೇಲಿನ ಆವರ್ತನಗಳು ಸಹಜವಾಗಿಯೇ ಕ್ಷೀಣವಾಗಿರುತ್ತವೆ. ಅವು ನಿಧಾನವಾಗಿ ಮಸುಕಾಗುತ್ತವೆಯೇ ಹೊರತು ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಸಿಡಿಗಳನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಲು ಯಾವ ಕ್ರಮ ಉತ್ತಮ?

ಗೀರು ಬಿದ್ದ ಕಡೆ ಮತ್ತೆ ಮತ್ತೆ ಓದಿ ಹೋಲಿಸುವ, ಕೊನೆಗೆ ಅಕ್ಯುರೇಟ್‌ರಿಪ್ ದತ್ತಾಂಶದೊಂದಿಗೆ ತಾಳೆ ನೋಡುವ ತಂತ್ರಾಂಶವನ್ನು ಬಳಸಿ. ಎಕ್ಸಾಕ್ಟ್ ಆಡಿಯೋ ಕಾಪಿ ಅಂಥದ್ದೊಂದು. ಅದೇ ಸಿಡಿಯನ್ನು ಬೇರೆಯವರು ತಮ್ಮ ಡ್ರೈವ್‌ನಲ್ಲಿ ಓದಿದಾಗ ಆ ಅಂಕಿಗಳಿಂದ ಲೆಕ್ಕ ಹಾಕಿದ ತಾಳೆ ಮೊತ್ತವೂ ನಿಮ್ಮದೂ ಒಂದೇ ಆಗಿದ್ದರೆ ನಕಲು ಸರಿಯಾಗಿದೆ ಎಂದು ನಿಶ್ಚಿಂತೆಯಿಂದಿರಬಹುದು.

96 ಅಥವಾ 192 ಕಿಲೋಹರ್ಟ್ಸ್, 24 ಬಿಟ್‌ನ ಹೈ-ರೆಸ್ (ಸಿಡಿಗಿಂತ ಸೂಕ್ಷ್ಮವಾಗಿ ಅಳೆದ) ಕಡತಗಳು ಹೆಚ್ಚು ಚೆನ್ನಾಗಿ ಕೇಳಿಸುವುದಿಲ್ಲವೇ?

ಸ್ಯಾಂಪಲ್‌ಗಳು, ಅಂದರೆ ಸೆಕೆಂಡಿಗೆ ತೆಗೆದುಕೊಳ್ಳುವ ಅಳತೆಗಳು, ಹೆಚ್ಚಿದಷ್ಟೂ ಅಲೆಯ ಮೆಟ್ಟಿಲುಗಳು ನಯವಾಗುತ್ತವೆ ಎಂಬ ಚಿತ್ರವನ್ನು ಜಾಹೀರಾತುಗಳು ಜನರ ಮನಸ್ಸಿನಲ್ಲಿ ಕೂರಿಸಿಬಿಟ್ಟಿವೆ. ಡ್ಯಾಕ್‌ನಿಂದ ಹೊರಬರುವ ಅಲೆಯಲ್ಲಿ ಮೆಟ್ಟಿಲುಗಳೇ ಇರುವುದಿಲ್ಲ. ಸ್ಯಾಂಪಲ್ ದರದ ಅರ್ಧಕ್ಕಿಂತ ಕೆಳಗಿನ ಆವರ್ತನಗಳನ್ನೆಲ್ಲ ಆ ಬಿಂದುಗಳಿಂದಲೇ ಪೂರ್ಣವಾಗಿ ಮರಳಿ ಕಟ್ಟಬಹುದು ಎಂಬುದು ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನಲ್ಲಿರುವ ಪ್ರಮೇಯ. 44.1 ಕಿಲೋಹರ್ಟ್ಸ್‌ನ ಅರ್ಧ 22.05. ಎಳೆಯ, ಆರೋಗ್ಯವಂತ ಕಿವಿ ಕೇಳುವುದೇ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ.

2007ರಲ್ಲಿ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೋರನ್ ಎಂಬವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೈ-ರೆಸ್ ಡಿಸ್ಕಿನ ಧ್ವನಿಯನ್ನು ನೇರವಾಗಿಯೂ 16 ಬಿಟ್, 44.1 ಕಿಲೋಹರ್ಟ್ಸ್ ಹಂತದ ಮೂಲಕ ಹಾಯಿಸಿಯೂ ಕೇಳಿಸಲಾಯಿತು. 554 ಯತ್ನಗಳಲ್ಲಿ 276 ಸರಿಯಾದವು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಅನಂತರ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು, ತರಬೇತಿ ಪಡೆದ ಕೇಳುಗರಿಗೆ ಅಲ್ಪ ಪ್ರಮಾಣದ ವ್ಯತ್ಯಾಸ ತಿಳಿಯುತ್ತದೆ ಎಂದಿತು. ಆದ್ದರಿಂದ ವಾದ ಪೂರ್ತಿ ಮುಗಿದಿಲ್ಲ. ಆದರೆ ವಾದ ನಡೆಯುತ್ತಿರುವುದೇ ಅಲ್ಪದ ಬಗ್ಗೆ.

24 ಬಿಟ್‌ನ ಮಾತು ಸ್ವಲ್ಪ ಬೇರೆ. 16 ಬಿಟ್‌ನಲ್ಲಿ ಸುಮಾರು 96 ಡೆಸಿಬಲ್ ಅಂತರವನ್ನು ಹಿಡಿದಿಡಬಹುದು. ಕೇಳುವುದಕ್ಕೆ ಅದು ಧಾರಾಳ. ಧ್ವನಿಮುದ್ರಣ ಮತ್ತು ಮಿಶ್ರಣ ಮಾಡುವವರಿಗೆ, ಹಾಗೆಯೇ ಮುಂದೆ ಹೇಳುವಂತೆ ಕಂಪ್ಯೂಟರ್‌ನಲ್ಲೇ ವಾಲ್ಯೂಮ್ ಇಳಿಸುವವರಿಗೆ, 24 ಬಿಟ್‌ನ ಅವಕಾಶ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹೈ-ರೆಸ್ ಆವೃತ್ತಿ ಎದ್ದು ಕಾಣುವಷ್ಟು ಚೆನ್ನಾಗಿ ಕೇಳಿದರೆ, ಅದನ್ನು ಬೇರೆ ಮಾಸ್ಟರಿನಿಂದ, ಅಂದರೆ ಬಿಡುಗಡೆಗಾಗಿ ಸಿದ್ಧಪಡಿಸಿದ ಬೇರೆ ಮೂಲಪ್ರತಿಯಿಂದ, ಮಾಡಿರುವ ಸಾಧ್ಯತೆಯೇ ಹೆಚ್ಚು.

ಆಪರೇಟಿಂಗ್ ಸಿಸ್ಟಮ್‌ನಲ್ಲಿ ಏನನ್ನು ಬದಲಾಯಿಸಬೇಕು?

ಹಾಡು, ವಿಡಿಯೋ, ಸಂದೇಶ ಬಂದಾಗಿನ ಟಿಣ್ ಸದ್ದು ಇವೆಲ್ಲ ಒಂದೇ ಸ್ಪೀಕರ್‌ನಿಂದ ಬರಬೇಕಾದ್ದರಿಂದ, ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ಒಂದು ಮಿಕ್ಸರ್‌ಗೆ ತಂದು, ಒಂದೇ ಸ್ಯಾಂಪಲ್ ದರಕ್ಕೆ ಹೊಂದಿಸಿ, ಕೂಡಿಸಿ ಕಳುಹಿಸುತ್ತದೆ. ಮಿಕ್ಸರ್ 48 ಕಿಲೋಹರ್ಟ್ಸ್‌ನಲ್ಲಿದ್ದು ನಿಮ್ಮ ಹಾಡು 44.1ರಲ್ಲಿದ್ದರೆ, ಎಲ್ಲ ಅಂಕಿಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಇಂದಿನ ಪರಿವರ್ತಕಗಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಆದರೂ ಬೇಡದ ಕೆಲಸವನ್ನು ಮಾಡಿಸದಿರುವುದೇ ಲೇಸು ಎಂಬುದು ನನ್ನ ನಿಲುವು.

ವಿಂಡೋಸ್‌ನಲ್ಲಿ ಮೊದಲು ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಸಾಧನದ ಮೇಲೆ ಹೇರಿರುವ ಎನ್‌ಹ್ಯಾನ್ಸ್‌ಮೆಂಟ್ ಎಂಬ ಅಲಂಕಾರಗಳನ್ನೆಲ್ಲ ತೆಗೆದುಹಾಕಿ. ಬಾಸ್ ಏರಿಸುವುದು, ಕೃತಕ ಸರೌಂಡ್, ಸದ್ದನ್ನು ಸಮ ಮಾಡುವುದು ಇತ್ಯಾದಿಗಳು ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗಳಿಗಾಗಿ ಇರುವಂಥವು. ಒಳ್ಳೆಯ ಹೆಡ್‌ಫೋನಿನಲ್ಲಿ ಅವು ಧ್ವನಿಯನ್ನು ಕೆಡಿಸುತ್ತವೆ. ನನ್ನ ಅನುಭವದಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಬೇರೆಲ್ಲ ಬದಲಾವಣೆಗಳಿಗಿಂತ ಇದೊಂದರ ಪರಿಣಾಮವೇ ದೊಡ್ಡದು. ಅನಂತರ ಸಾಧನದ ದರವನ್ನು ನಿಮ್ಮ ಸಂಗ್ರಹದಲ್ಲಿ ಹೆಚ್ಚಿರುವ ದರಕ್ಕೆ ಹೊಂದಿಸಿ. ವಿಂಡೋಸ್ ವಿಸ್ಟಾ ಕಾಲದಿಂದಲೂ ಇರುವ ವಾಸಾಪಿ ಎಂಬ ಧ್ವನಿ ವ್ಯವಸ್ಥೆಯ ಎಕ್ಸ್‌ಕ್ಲೂಸಿವ್ ಮೋಡ್ ಆರಿಸಿದರೆ ಪ್ಲೇಯರ್ ಮಿಕ್ಸರನ್ನು ಬದಿಗಿಟ್ಟು ಡ್ಯಾಕ್ ಜೊತೆ ನೇರವಾಗಿ ವ್ಯವಹರಿಸುತ್ತದೆ. ಫೂಬಾರ್2000 ಮೊದಲಾದ ಪ್ಲೇಯರ್‌ಗಳಲ್ಲಿ ಈ ಸೌಲಭ್ಯವಿದೆ. ಆಗ ಬೇರೆ ಯಾವ ಸದ್ದೂ ಬರುವುದಿಲ್ಲ, ಹಾಡಿನ ಮಧ್ಯೆ ಟಿಣ್ ಅನ್ನುವುದೂ ತಪ್ಪುತ್ತದೆ.

ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ಎಂಬ ಉಪಕರಣದಲ್ಲಿ ದರವನ್ನು ಹೊಂದಿಸಬಹುದು. ಲಿನಕ್ಸ್‌ನಲ್ಲಿ ಈಗ ವ್ಯಾಪಕವಾಗಿರುವ ಪೈಪ್‌ವೈರ್ ಎಂಬ ಧ್ವನಿ ವ್ಯವಸ್ಥೆ ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ಗೆ ಕಟ್ಟುಬಿದ್ದಿರುತ್ತದೆ. ಅದರ ಸಂರಚನಾ ಕಡತದಲ್ಲಿ ಅನುಮತಿಸಿದ ದರಗಳ ಪಟ್ಟಿಗೆ 44,100 ಸೇರಿಸಿದರೆ ಹಾಡಿಗೆ ತಕ್ಕಂತೆ ದರ ಬದಲಾಗುತ್ತದೆ.

ವಾಲ್ಯೂಮನ್ನು ಎಲ್ಲಿ ಇಳಿಸಬೇಕು, ಪ್ಲೇಯರ್‌ನಲ್ಲೋ ಆಂಪ್ಲಿಫೈಯರ್‌ನಲ್ಲೋ?

ಪ್ಲೇಯರ್ ಮತ್ತು ಸಿಸ್ಟಮ್ ಎರಡನ್ನೂ ಪೂರ್ಣಕ್ಕೆ ಇಟ್ಟು, ಕೊನೆಯಲ್ಲಿರುವ ಆಂಪ್ಲಿಫೈಯರ್ ಗುಬುಟಿನಲ್ಲಿ ಹೊಂದಿಸುವುದು ಸುಲಭದ ನಿಯಮ. ಡಿಜಿಟಲ್ ರೂಪದಲ್ಲಿ ಪ್ರತಿ 6 ಡೆಸಿಬಲ್ ಇಳಿಸಿದಾಗ ಒಂದು ಬಿಟ್‌ನಷ್ಟು ಸೂಕ್ಷ್ಮತೆ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ಕಾರಣ. ಆದರೆ ಡ್ಯಾಕ್ 24 ಬಿಟ್‌ನದ್ದಾಗಿದ್ದರೆ 16 ಬಿಟ್ ಸಂಗೀತದ ಕೆಳಗೆ ಇನ್ನೂ 8 ಬಿಟ್ ಖಾಲಿ ಇರುತ್ತದೆ; 10 ಅಥವಾ 20 ಡೆಸಿಬಲ್ ಇಳಿಸಿದರೆ ಕಿವಿಗೆ ಗೊತ್ತಾಗುವ ನಷ್ಟವಿಲ್ಲ. ಗುಬುಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸದ್ದು ವಿಪರೀತವಾಗುತ್ತಿದ್ದರೆ, ಅಂಥ ಗುಬುಟುಗಳ ಆರಂಭದ ಭಾಗದಲ್ಲಿ ಎಡಬಲ ಸಮನಾಗಿರುವುದೂ ಅಪರೂಪವಾದ್ದರಿಂದ, ಕಂಪ್ಯೂಟರ್‌ನಲ್ಲಿ ಸ್ವಲ್ಪ ಇಳಿಸಿ ಗುಬುಟನ್ನು ಮೇಲಕ್ಕೇರಿಸುವುದೇ ಒಳ್ಳೆಯದು.

ಹಾಡಿನಿಂದ ಹಾಡಿಗೆ ಸದ್ದು ಏರುಪೇರಾಗುವುದಕ್ಕೆ ರೀಪ್ಲೇಗೇನ್ ಬಳಸಿ. ಅದು ಹಾಡಿನೊಳಗಿನ ಏರಿಳಿತವನ್ನು ಮುಟ್ಟದೆ, ಇಡೀ ಹಾಡನ್ನು ಒಂದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡುತ್ತದೆ. ಆಲ್ಬಮ್ ಆಗಿ ಕೇಳುವವರು ಆಲ್ಬಮ್ ವಿಧಾನವನ್ನೇ ಆರಿಸಬೇಕು. ಇಲ್ಲದಿದ್ದರೆ ಮೆಲ್ಲನೆ ಇರಬೇಕಾದ ಹಾಡೂ ಅಬ್ಬರದ ಹಾಡಿನಷ್ಟೇ ಜೋರಾಗುತ್ತದೆ.

ಪ್ರತ್ಯೇಕ ಡ್ಯಾಕ್ ಕೊಳ್ಳಲೇಬೇಕೇ?

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವ ಹಾಡನ್ನೂ ಹಾಕದೆ, ವಾಲ್ಯೂಮನ್ನು ನೀವು ಎಂದಿನಂತೆ ಕೇಳುವ ಮಟ್ಟದಲ್ಲಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಈಗ ಮೌಸ್ ಅಲ್ಲಾಡಿಸಿ, ದೊಡ್ಡ ಪುಟವೊಂದನ್ನು ಮೇಲೆ ಕೆಳಗೆ ಸರಿಸಿ, ದೊಡ್ಡ ಕಡತವೊಂದನ್ನು ನಕಲು ಮಾಡಿ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪುಟ ಸರಿದಂತೆಲ್ಲ ಜೀರುಂಡೆಯಂತೆ ಚಿರ್ ಚಿರ್ ಸದ್ದು ಬರುತ್ತಿತ್ತು, ಬೆರಳು ನಿಂತ ಕೂಡಲೇ ಅದೂ ನಿಲ್ಲುತ್ತಿತ್ತು. ಗ್ರಾಫಿಕ್ಸ್ ಚಿಪ್ ಎಳೆಯುವ ವಿದ್ಯುತ್ತಿನ ಏರಿಳಿತ ಧ್ವನಿಯ ಸರ್ಕ್ಯೂಟಿಗೆ ಸೋರಿ ಬರುವ ಸದ್ದು ಅದು. ನಿಮಗೂ ಹೀಗೆ ಕೇಳಿದರೆ ಯುಎಸ್‌ಬಿ ಡ್ಯಾಕ್ ಸಾರ್ಥಕ. ಕೇಳದಿದ್ದರೆ ಮದರ್‌ಬೋರ್ಡಿನಲ್ಲಿರುವುದೇ ಸಾಕಾಗಬಹುದು. ಡೆಸ್ಕ್‌ಟಾಪ್ ಆದರೆ ಮುಂಭಾಗದ ಜ್ಯಾಕ್ ಬಿಟ್ಟು ಹಿಂಭಾಗದ್ದನ್ನು ಬಳಸಿ ನೋಡಿ.

ಹೆಡ್‌ಫೋನ್ ಬಳಸುವವರಿಗೆ ಇನ್ನೊಂದು ಕಾರಣವೂ ಇದೆ. 250 ಅಥವಾ 300 ಓಮ್‌ನ ಹೆಡ್‌ಫೋನ್‌ಗಳಿಗೆ ಲ್ಯಾಪ್‌ಟಾಪ್ ಜ್ಯಾಕ್ ಕೊಡುವ ವೋಲ್ಟೇಜ್ ಸಾಲದು. ಕಡಿಮೆ ಓಮ್‌ನವುಗಳಲ್ಲಿ, ಜ್ಯಾಕ್‌ನ ಸ್ವಂತ ಪ್ರತಿರೋಧ ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಬಾಸ್ ಸಡಿಲವಾಗುವುದುಂಟು.

ಸ್ಪೀಕರ್‌ನಿಂದ ಸದಾ ಗುಂಯ್‌ಗುಡುವ ಸದ್ದು ಬರುತ್ತಿದೆ. ಏನು ಮಾಡಲಿ?

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡೂ ಬೇರೆ ಬೇರೆ ದಾರಿಯಿಂದ ಭೂಮಿಗೆ ಜೋಡಿಸಿಕೊಂಡು, ನಡುವಿನ ಧ್ವನಿ ಕೇಬಲ್ ಆ ಉಂಗುರವನ್ನು ಮುಚ್ಚಿರುತ್ತದೆ. ಎರಡನ್ನೂ ಒಂದೇ ವಿದ್ಯುತ್ ಪಟ್ಟಿಗೆ ಜೋಡಿಸಿ ನೋಡಿ. ಸಾಲದಿದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹರಿಯುವುದು ಬೆಳಕಾದ್ದರಿಂದ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಬ್ಯಾಲೆನ್ಸ್ಡ್ ಕೇಬಲ್ ಅಥವಾ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಕೂಡ ಪರಿಹಾರವೇ. ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮುರಿದರೆ ಸದ್ದು ನಿಲ್ಲುತ್ತದೆ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಸದ್ದೇನೋ ನಿಲ್ಲಬಹುದು, ಆದರೆ ಒಳಗೆ ತಂತಿ ಕಳಚಿದ ದಿನ ಜೀವವನ್ನು ಉಳಿಸುವುದು ಆ ಪಿನ್ನೇ. ಎಂದಿಗೂ ಹಾಗೆ ಮಾಡಬೇಡಿ.

ದುಬಾರಿ ಯುಎಸ್‌ಬಿ ಕೇಬಲ್?

ಬೇಡ. ಅಂಕಿಗಳು ತಲುಪುತ್ತವೆ, ಇಲ್ಲವೇ ತಲುಪದೆ ಟಪ್ ಎಂದು ಸದ್ದು ಮಾಡುತ್ತವೆ. ಯಾವ ಅಂಕಿ ಯಾವ ಕ್ಷಣದಲ್ಲಿ ನುಡಿಯಬೇಕೆಂಬ ಕಾಲದ ಅಳತೆಯನ್ನು ಇಂದಿನ ಡ್ಯಾಕ್‌ಗಳಲ್ಲಿ ಕೇಬಲ್ ನಿರ್ಧರಿಸುವುದಿಲ್ಲ. ಅಸಿಂಕ್ರನಸ್ ವಿಧಾನದಲ್ಲಿ ಡ್ಯಾಕ್‌ನ ಒಳಗಿನ ಗಡಿಯಾರವೇ ಯಜಮಾನ.

ಹಾಡಿನ ಮಧ್ಯೆ ಟಪ್ ಟಪ್ ಎಂದು ತುಂಡಾಗುತ್ತದೆ.

ಪ್ಲೇಯರ್‌ನ ಬಫರನ್ನು, ಅಂದರೆ ಅದು ಮುಂಚಿತವಾಗಿ ಓದಿಟ್ಟುಕೊಳ್ಳುವ ಹಾಡಿನ ಭಾಗವನ್ನು, ಹೆಚ್ಚಿಸಿ. ಸಂಗೀತ ಕೇಳುವಾಗ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ನಷ್ಟವಿಲ್ಲ. ಅದರಿಂದಲೂ ಹೋಗದಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಜೋಡಿಸಿ, ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ, ವೈಫೈ ಡ್ರೈವರನ್ನು ನವೀಕರಿಸಿ. ಪ್ರೊಸೆಸರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವ ಕೆಟ್ಟ ಡ್ರೈವರ್‌ಗಳೇ ಇದಕ್ಕೆ ಸಾಮಾನ್ಯ ಕಾರಣ.

ಬ್ಲೂಟೂತ್ ಹೆಡ್‌ಫೋನ್ ಇದ್ದಕ್ಕಿದ್ದಂತೆ ಹಳೆಯ ದೂರವಾಣಿಯಂತೆ ಕೇಳಿಸುವುದೇಕೆ?

ಯಾವುದೋ ತಂತ್ರಾಂಶ ಆ ಹೆಡ್‌ಫೋನಿನ ಮೈಕ್ ತೆರೆದಿದೆ. ಮೈಕ್ ತೆರೆದ ಕೂಡಲೇ ಸಾಂಪ್ರದಾಯಿಕ ಬ್ಲೂಟೂತ್ ಕರೆಯ ವಿಧಾನಕ್ಕೆ ಹೊರಳಿ, 8 ಅಥವಾ 16 ಕಿಲೋಹರ್ಟ್ಸ್ ದರದ ಮೋನೋ ಧ್ವನಿಯನ್ನು ಕಳುಹಿಸುತ್ತದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದ್ದನ್ನೇ ಆರಿಸಿದರೆ ತೊಂದರೆ ತೀರುತ್ತದೆ. ಉಳಿದಂತೆ, ಬ್ಲೂಟೂತ್‌ಗಾಗಿ ಧ್ವನಿಯನ್ನು ಕುಗ್ಗಿಸುವ ವಿಧಾನಗಳಲ್ಲಿ ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಸುಮಾರು 328 ಕಿಲೋಬಿಟ್‌ನಲ್ಲಿಯೂ, ಎಲ್‌ಡ್ಯಾಕ್ ಗರಿಷ್ಠ 990 ಕಿಲೋಬಿಟ್‌ನಲ್ಲಿಯೂ ನಡೆಯುತ್ತದೆ. ಎರಡರಲ್ಲೂ ನಷ್ಟವುಂಟು, ಎರಡೂ ಕೇಳಲು ಯೋಗ್ಯವೇ.

ಮೇಜಿನ ಮೇಲೆ ಸ್ಪೀಕರ್‌ಗಳನ್ನು ಹೇಗಿಡಬೇಕು?

ಇಷ್ಟು ಹೊತ್ತು ಹೇಳಿದ್ದೆಲ್ಲಕ್ಕಿಂತ ಹೆಚ್ಚು ಲಾಭ ಇಲ್ಲಿದೆ, ಅದೂ ಪುಕ್ಕಟೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನದ ಮೂರು ಮೂಲೆಗಳಾಗಲಿ. ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಘಟಕ, ಕಿವಿಯ ಮಟ್ಟಕ್ಕೆ ಬರಲಿ. ಬರದಿದ್ದರೆ ಕೆಳಗೆ ಗಟ್ಟಿ ಪುಸ್ತಕಗಳನ್ನಿಟ್ಟು ಎತ್ತರಿಸಿ, ಅಥವಾ ಮುಂದಿನ ಅಂಚನ್ನು ಎತ್ತಿ ಮುಖ ಮೇಲಕ್ಕೆ ಮಾಡಿ. ಸ್ಪೀಕರನ್ನು ಮೇಜಿನ ಮುಂದಂಚಿಗೆ ತಂದರೆ ಮೇಜಿನ ಮೇಲ್ಮೈಯಿಂದ ಪುಟಿದು ಬರುವ ಧ್ವನಿ ಕಡಿಮೆಯಾಗುತ್ತದೆ. ಹಾಡುಗಾರರೊಬ್ಬರೇ ಇರುವ ಧ್ವನಿಮುದ್ರಣ ಹಾಕಿ. ಕಂಠ ಎರಡು ಸ್ಪೀಕರ್‌ಗಳ ನಡುವೆ, ಪರದೆಯ ಹಿಂದೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಅದು ಹರಡಿಕೊಂಡಂತಿದ್ದರೆ ಅಥವಾ ಒಂದು ಪಕ್ಕಕ್ಕೆ ವಾಲಿದ್ದರೆ, ಒಂದು ಸ್ಪೀಕರ್ ಗೋಡೆಗೆ ಹತ್ತಿರವಿದೆಯೇ, ತಂತಿಗಳು ಅದಲುಬದಲಾಗಿವೆಯೇ ನೋಡಿ.

ಬಾಸ್‌ನ ಯಜಮಾನಿಕೆ ಕೋಣೆಯದ್ದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, 3.4 ಮೀಟರ್ ಉದ್ದದ ಕೋಣೆಯಲ್ಲಿ ಸರಿಸುಮಾರು 50 ಹರ್ಟ್ಸ್‌ನ ಅಲೆ ಗೋಡೆಯಿಂದ ಗೋಡೆಗೆ ಪುಟಿದು ಸ್ಥಿರವಾಗಿ ನಿಂತುಬಿಡುತ್ತದೆ. ಆ ಸ್ವರವನ್ನು ನುಡಿಸುತ್ತ ಕೋಣೆಯ ಉದ್ದಕ್ಕೂ ನಡೆದು ನೋಡಿ; ಗೋಡೆಯ ಬಳಿ ಎದೆ ನಡುಗಿಸುವ ಸದ್ದು ನಟ್ಟನಡುವೆ ಬಂದಾಗ ಬಹುಮಟ್ಟಿಗೆ ಮಾಯವಾಗುತ್ತದೆ. ಆದ್ದರಿಂದ ಕುರ್ಚಿಯನ್ನು ಅರ್ಧ ಮೀಟರ್ ಸರಿಸುವುದು ಎಷ್ಟೋ ಸಲ ಹೊಸ ಆಂಪ್ಲಿಫೈಯರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇನ್ನೂ ಮುಂದೆ ಹೋಗುವವರು ಅಳತೆಯ ಮೈಕ್ ಮತ್ತು ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ಬಳಸಿ, ಎದ್ದು ನಿಂತ ಆವರ್ತನಗಳನ್ನು ಈಕ್ವಲೈಜರ್‌ನಲ್ಲಿ ತಗ್ಗಿಸಬಹುದು. ತಗ್ಗನ್ನು ತುಂಬಲು ಹೋಗಬಾರದು. ಅಲ್ಲಿ ಅಲೆಗಳು ಒಂದನ್ನೊಂದು ಅಳಿಸುತ್ತಿರುವುದರಿಂದ ಎಷ್ಟು ಸುರಿದರೂ ಆಂಪ್ಲಿಫೈಯರ್ ದಣಿಯುತ್ತದೆಯೇ ಹೊರತು ಗುಂಡಿ ತುಂಬುವುದಿಲ್ಲ.

ಒಂದು ಬದಲಾವಣೆಯಿಂದ ನಿಜವಾಗಿ ಸುಧಾರಿಸಿತೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಎರಡರ ಸದ್ದನ್ನೂ ಸಮ ಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಕೇಳಿ. ಹೊಸ ಡ್ಯಾಕ್ ತಂದ ವಾರ ತಂಬೂರಿಯ ನಾದ ಕೂಡ ತುಂಬಿಬಂದಂತೆ ಕೇಳುತ್ತಿದೆ ಎಂದು ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ 1 ಕಿಲೋಹರ್ಟ್ಸ್ ಸ್ವರ ಹಾಕಿ ಮಲ್ಟಿಮೀಟರ್‌ನಲ್ಲಿ ಅಳೆದರೆ, ಹೊಸದು ಹಳೆಯದಕ್ಕಿಂತ ಒಂದೂವರೆ ಡೆಸಿಬಲ್ ಜೋರಾಗಿತ್ತು. ಅಷ್ಟನ್ನು ಇಳಿಸಿದ ಮೇಲೆ ಎರಡನ್ನೂ ಬೇರ್ಪಡಿಸಿ ಹೇಳಲು ನನ್ನಿಂದಾಗಲಿಲ್ಲ. ಸ್ವಲ್ಪ ಜೋರಾದದ್ದನ್ನು ಮನಸ್ಸು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನ’ ಎಂದು ಗುರುತಿಸುತ್ತದೆ. ಕಡತಗಳನ್ನು ಹೋಲಿಸುವುದಕ್ಕೆ ಫೂಬಾರ್2000ರ ಎಬಿಎಕ್ಸ್ ಘಟಕವಿದೆ. ಅದು ಎರಡರಲ್ಲಿ ಒಂದನ್ನು ಹೆಸರು ಹೇಳದೆ ಕೇಳಿಸಿ, ಯಾವುದೆಂದು ಗುರುತಿಸಲು ಹೇಳಿ, ಎಷ್ಟು ಸರಿಯಾಯಿತೆಂಬುದನ್ನು ಕೊನೆಯಲ್ಲಿ ತೋರಿಸುತ್ತದೆ. 16 ಸಲ ಕೇಳಿ 12ಕ್ಕಿಂತ ಕಡಿಮೆ ಸಲ ಸರಿಯಾದರೆ ಅದನ್ನು ಊಹೆಯೆಂದೇ ಭಾವಿಸುವುದು ಒಳ್ಳೆಯದು.

ಎಲ್ಲವನ್ನೂ ಸರಿಪಡಿಸಿದ ಮೇಲೂ ಕೆಲವು ಹಾಡುಗಳು ಕರ್ಕಶವಾಗಿಯೇ ಇವೆ. ಎಲ್ಲಿ ತಪ್ಪಿದೆ?

ನಿಮ್ಮ ಕಡೆ ತಪ್ಪಿಲ್ಲದಿರಬಹುದು. 1990ರ ದಶಕದಿಂದೀಚೆಗೆ, ಬೇರೆಯವರ ಹಾಡಿಗಿಂತ ತಮ್ಮದು ಜೋರಾಗಿ ಕೇಳಲಿ ಎಂಬ ಪೈಪೋಟಿಯಲ್ಲಿ ಅನೇಕ ಆಲ್ಬಮ್‌ಗಳನ್ನು ಮಾಸ್ಟರ್ ಮಾಡುವಾಗಲೇ ಹಿಂಡಿಬಿಟ್ಟಿದ್ದಾರೆ. ಆಡಾಸಿಟಿಯಲ್ಲಿ ತೆರೆದರೆ ಗುಡ್ಡ ಕಣಿವೆಗಳಂತೆ ಇರಬೇಕಾದ ಅಲೆ ಇಟ್ಟಿಗೆಯಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅಲೆಗಳ ತಲೆ ಚಪ್ಪಟೆಯಾಗಿರುತ್ತದೆ. ಕತ್ತರಿಸಿಹೋದ ಆ ತಲೆಯನ್ನು ಯಾವ ಡ್ಯಾಕ್ ಕೂಡ ಮರಳಿ ತರಲಾರದು. ಅದೇ ಆಲ್ಬಮ್‌ನ ಹಳೆಯ ಸಿಡಿ ಆವೃತ್ತಿ ದೊರೆತರೆ ಎರಡನ್ನೂ ರೀಪ್ಲೇಗೇನ್‌ನಿಂದ ಸಮಮಾಡಿ ಕೇಳಿ ನೋಡಿ. ರೀಮಾಸ್ಟರ್ ಎಂದು ಅಚ್ಚು ಹಾಕಿದ್ದಕ್ಕಿಂತ 1980ರ ದಶಕದ ಸಾದಾ ಮುದ್ರಣವೇ ಹೆಚ್ಚು ಉಸಿರಾಡುವಂತಿರುವುದು ವಿರಳವೇನಲ್ಲ.